ಕವಳಿ ಗಿಡ ಉಳಿಯಿತು

“ಗುರುಗಳೇ, ಎದುರಿನವರು ಕೇಳಿದ್ದನ್ನೆಲ್ಲ ಕೊಟ್ಟ ಮೇಲೂ ತಪ್ಪು ನಮ್ಮ ಮೇಲೆ ಉಳಿಯುತ್ತದೆಯೇ?” ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಒಂದು ಹಾಳೆಯಿತ್ತು. ಮಠದ ಹಿಂದಿನ ಜಾಗದಲ್ಲಿ ಶಾಲೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಹತ್ತು ಮನೆಯವರನ್ನು ಅವನು ಮಠದ ಅಂಗಳಕ್ಕೆ ಕರೆಸಿ, ಏನೇನು ಬೇಕೆಂದು ಕೇಳಿ ಬರೆದುಕೊಂಡಿದ್ದ.

“ಆ ಹಾಳೆ ಮಡಚಿಡು ಮೊದಲು,” ಎಂದರು ಗುರುಗಳು. “ಪರೀಕ್ಷೆ ಪಾಸಾದವನ ಹಾಗೆ ಹಿಡಿದುಕೊಂಡು ನಿಂತಿದ್ದೀಯಲ್ಲ. ಕೂತುಕೋ, ಒಂದು ಗುಡ್ಡದ ಕತೆ ಹೇಳುತ್ತೇನೆ.”

ಒಂದು ಊರಿನ ಬೆನ್ನಿಗೆ ಒಂದು ಗುಡ್ಡ. ಊರವರು ಕುರಿಗಾರರು. ಎಳೆಯ ಮಗು ಸತ್ತರೆ ಅವರು ಊರ ಮಸಣಕ್ಕೆ ಒಯ್ಯುತ್ತಿರಲಿಲ್ಲ. ಗುಡ್ಡದ ಮೇಲೆ ಮಣ್ಣು ಮಾಡಿ, ಅದರ ಮೇಲೊಂದು ಕವಳಿ ಗಿಡ ನೆಡುತ್ತಿದ್ದರು. ಗಿಡ ಹಣ್ಣು ಬಿಡಲು ಶುರುಮಾಡಿದ ಮೇಲೆ ಪ್ರತಿ ವರ್ಷ ತಾಯಿ ಗುಡ್ಡ ಹತ್ತಿ, ಮೊದಲ ಹಣ್ಣನ್ನು ಮಡಿಲಲ್ಲಿ ತುಂಬಿಕೊಂಡು ಬಂದು ಊರಿನ ಮಕ್ಕಳಿಗೆ ಹಂಚಬೇಕು. ‘ನಿಮ್ಮಣ್ಣ ಕೊಟ್ಟಿದ್ದು’ ಇಲ್ಲವೇ ‘ನಿಮ್ಮಕ್ಕ ಕೊಟ್ಟಿದ್ದು, ತಿನ್ನಿ’ ಎನ್ನಬೇಕು. ಸತ್ತ ಮಗು ಹಾಗೆ ಊರಿನ ಮಕ್ಕಳ ಜೊತೆ ಬೆಳೆಯುತ್ತದೆ ಎಂದು ಅವರು ನಂಬಿದ್ದರು. ಅದು ನಂಬಿಕೆಯೋ ಬರೀ ಸಮಾಧಾನವೋ ನನಗೆ ಗೊತ್ತಿಲ್ಲ. ಕಳೆದುಕೊಂಡವರಿಗೆ ಗೊತ್ತು.

ಆ ಕಾಲಕ್ಕೆ ಹಾಗೆ ಗುಡ್ಡ ಹತ್ತುತ್ತಿದ್ದವಳು ದುರುಗಮ್ಮ ಒಬ್ಬಳೇ. ಹಿಂದಿನ ತಾಯಂದಿರು ತೀರಿಹೋಗಿದ್ದರು, ಅವರು ನೆಟ್ಟ ಗಿಡಗಳೂ ಒಣಗಿದ್ದವು. ಅವಳ ಮಗಳು ಎರಡು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಮತ್ತೆ ಮಕ್ಕಳಾಗಲಿಲ್ಲ. ವರ್ಷಕ್ಕೆ ಆ ಒಂದು ದಿನ ಊರಿನ ಮಕ್ಕಳೆಲ್ಲ ಅವಳ ಬಾಗಿಲಿಗೆ ಬರುತ್ತಿದ್ದರು. ಆ ಒಂದು ದಿನ ಅವಳು ತಾಯಿಯಾಗಿರುತ್ತಿದ್ದಳು.

ಗುಡ್ಡದಲ್ಲಿ ಕಬ್ಬಿಣದ ಅದಿರಿತ್ತು. ಒಂದು ಗಣಿ ಕಂಪನಿ ಬಂತು. ಊರವರೊಂದಿಗೆ ಮಾತಾಡಲು ಒಬ್ಬ ಅಧಿಕಾರಿಯನ್ನು ಕಳಿಸಿತು. ಅವನು ಕೆಟ್ಟವನೆಂದು ತಿಳಿಯಬೇಡ. ಕೆಟ್ಟವನಾಗಿದ್ದರೆ ಈ ಕತೆ ನಿನಗೆ ಹೇಳುತ್ತಲೇ ಇರಲಿಲ್ಲ. ಅವನು ಶಾಮಿಯಾನ ಹಾಕಿಸಿದ, ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿದ, ಮಜ್ಜಿಗೆ ಕೊಡಿಸಿದ. ಆಮೇಲೆ, ‘ಗುಡ್ಡದಲ್ಲಿ ನಿಮ್ಮದು ಏನೇನಿದೆ ಹೇಳಿ, ಅದನ್ನು ನಾವು ಮುಟ್ಟುವುದಿಲ್ಲ’ ಎಂದ.

ಆ ಊರಿನಲ್ಲಿ ಒಂದು ರೀತಿಯಿತ್ತು. ಎಲ್ಲರಿಗೂ ಸೇರಿದ್ದನ್ನು ಯಾರೂ ನನ್ನದು ಎನ್ನುವಂತಿರಲಿಲ್ಲ. ಅಂದವನಿಗೆ ಊರು ವರ್ಷಗಟ್ಟಲೆ ಛೀಮಾರಿ ಹಾಕುತ್ತಿತ್ತು. ಹೀಗಾಗಿ ಒಬ್ಬ ಗುಡ್ಡದ ಬುಡದಲ್ಲಿದ್ದ ತನ್ನ ಕುರಿಹಟ್ಟಿ ಹೇಳಿದ, ಇನ್ನೊಬ್ಬ ಅಲ್ಲೇ ಪಕ್ಕದ ತನ್ನ ಮನೆದೇವರ ಕಲ್ಲು ಹೇಳಿದ. ದುರುಗಮ್ಮ ತನ್ನ ಸರದಿ ಬಂದಾಗ ಎದ್ದು, ‘ನನ್ನ ಮಗಳ ಗಿಡ ಐತ್ರಿ’ ಎಂದಳು.

‘ಸುತ್ತ ಎಷ್ಟು ಜಾಗ ಬೇಕಮ್ಮಾ?’

ಅವಳು ಎರಡೂ ಕೈ ಚಾಚಿ ತೋರಿಸಿದಳು. ‘ಇಷ್ಟಾದ್ರ ಸಾಕ್ರಿ. ಬರ್ರಿ ಸಾಹೇಬ್ರ, ನಾನ ತೋರಿಸ್ತೀನಿ. ಭಾಳ ದೂರ ಇಲ್ಲ.’

‘ಬಿಸಿಲು ಜೋರಾಗಿದೆ ತಾಯಿ. ಅಳತೆಯವರು ಹೋಗಿ ಗುರುತು ಹಾಕುತ್ತಾರೆ’ ಎಂದು ಅವನು, ಅವಳು ತೋರಿಸಿದ್ದರ ನಾಲ್ಕರಷ್ಟು ಜಾಗ ಬರೆದುಕೊಂಡ. ದುರುಗಮ್ಮ ಕೈಮುಗಿದಳು. ಇಷ್ಟು ದೊಡ್ಡವರೊಬ್ಬರು ತನ್ನ ಮಗಳ ವಿಷಯ ಕೇಳಿ ಬರೆದುಕೊಂಡರಲ್ಲ ಎಂದು ಅವಳಿಗೆ ಸಂತೋಷವಾಗಿತ್ತು.

ಗಿಡದ ಸುತ್ತ ತಂತಿಬೇಲಿ ಬಂತು. ‘ಊರವರ ಪೂಜ್ಯ ಸ್ಥಳ’ ಎಂದು ಫಲಕ ಬಂತು. ಆಮೇಲೆ ಯಂತ್ರಗಳು ಬಂದವು. ಗಿಡದ ಅಡಿಯಲ್ಲೇ ಒಳ್ಳೆಯ ಅದಿರಿದೆ, ಅದನ್ನೂ ತೆಗೆ ಎಂದು ಮೇಲಿನವರು ಹೇಳಿದಾಗ ಅಧಿಕಾರಿ ಅವರೊಡನೆ ಜಗಳವಾಡಿದ. ಕೊಟ್ಟ ಮಾತು ಕೊಟ್ಟದ್ದೇ ಎಂದು ಪಟ್ಟು ಹಿಡಿದ. ಯಂತ್ರಗಳು ಬೇಲಿಯ ಆಚೆಯೇ ಅಗೆದವು, ಒಂದು ಗೇಣೂ ಒಳಗೆ ಬರಲಿಲ್ಲ.

ಸಿಡಿಮದ್ದಿನ ಭಯಕ್ಕೆ ಎರಡು ವರ್ಷ ಊರವರನ್ನು ಗುಡ್ಡಕ್ಕೆ ಬಿಡಲಿಲ್ಲ. ಮೂರನೆಯ ವರ್ಷ ಕವಳಿ ಹಣ್ಣಾಗುವ ಕಾಲಕ್ಕೆ ಅಧಿಕಾರಿಯೇ ದುರುಗಮ್ಮನ ಮನೆಗೆ ಬಂದು ಕರೆದ. ಅವನಿಗೂ ತೋರಿಸುವ ಆಸೆ. ಅವಳು ತೊಳೆದ ಸೀರೆ ಉಟ್ಟು ಹೊರಟಳು. ಊರಿನ ಮಕ್ಕಳು ಬೆನ್ನಿಗೆ ಬಂದರು.

ಅಲ್ಲಿ ಗುಡ್ಡ ಇರಲಿಲ್ಲ. ದೊಡ್ಡ ಗುಂಡಿ ಇತ್ತು. ಅದರ ನಡುವೆ ಹತ್ತಾಳೆತ್ತರದ ಒಂದು ಕಂಬದ ಹಾಗೆ ಕಲ್ಲುಮಣ್ಣು ಒಂಟಿಯಾಗಿ ನಿಂತಿತ್ತು. ನಾಲ್ಕೂ ಕಡೆ ನೆಟ್ಟಗೆ ಕಡಿದಿದ್ದರು. ನೆತ್ತಿಯ ಮೇಲೆ ಬೇಲಿ, ಫಲಕ, ಗಿಡ ಮೂರೂ ಇದ್ದವು. ಗಿಡ ಆ ವರ್ಷ ಮೈತುಂಬ ಹಣ್ಣು ಬಿಟ್ಟಿತ್ತು.

‘ಹತ್ತೋ ದಾರಿ ಎಲ್ಲೈತ್ರಿ?’ ಎಂದಳು ದುರುಗಮ್ಮ.

ಅಧಿಕಾರಿ ತನ್ನ ಹಾಳೆ ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದ. ಅದರಲ್ಲಿ ದಾರಿ ಇರಲಿಲ್ಲ. ಅದು ಕುರಿ ಹತ್ತುವ ದಾರಿ, ಎಲ್ಲರ ದಾರಿ. ಅದನ್ನು ನನ್ನದೆಂದು ಆ ಊರಿನಲ್ಲಿ ಯಾರು ತಾನೇ ಬರೆಸಿಯಾರು?

ಅವಳು ಬೈಯಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತಳು. ಗಾಳಿ ಬೀಸಿದಾಗಲೆಲ್ಲ ಹಣ್ಣು ಉದುರಿ ಕೆಳಗಿನ ಕೆಂಪು ನೀರಿಗೆ ಬೀಳುತ್ತಿತ್ತು. ಮಕ್ಕಳು ಸ್ವಲ್ಪ ಹೊತ್ತು ಕಾದು ಮನೆಗೆ ಹೋದರು. ಮರುವರ್ಷ ಅವರು ಅವಳ ಬಾಗಿಲಿಗೆ ಬರಲಿಲ್ಲ. ಮಕ್ಕಳಲ್ಲವೇ, ಮರೆತರು. ಹಾಗೆ ಅವಳು ಮಗಳನ್ನು ಇನ್ನೊಮ್ಮೆ ಕಳೆದುಕೊಂಡಳು.

ಗುರುಗಳು ನಿಲ್ಲಿಸಿದರು. ಶಿಷ್ಯ ಮಡಚಿದ ಹಾಳೆಯನ್ನು ಮತ್ತೆ ಬಿಡಿಸಿದ.

“ಆದರೆ ಗುರುಗಳೇ,” ಎಂದ, “ಅವರು ಬಾಯಿಬಿಟ್ಟು ಹೇಳದ್ದನ್ನು ಅವನು ಹೇಗೆ ಬರೆದುಕೊಳ್ಳಬೇಕಿತ್ತು?”

“ಬರೆದುಕೊಳ್ಳುವುದು ಹಾಗಿರಲಿ,” ಎಂದರು ಗುರುಗಳು, “ಅವಳು ಬನ್ನಿ ಎಂದಾಗ ಒಂದು ಸಲ ಅವಳ ಹಿಂದೆ ಹತ್ತಬೇಕಿತ್ತು.”