ಹೀರೆಬಳ್ಳಿ ಬಗ್ಗಲಿಲ್ಲ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆಗ ಹೂಗಳೆಲ್ಲ ಬೆಳಗ್ಗೆಯೇ ಅರಳಿ ಮಧ್ಯಾಹ್ನಕ್ಕೆ ಮುದುಡಬೇಕಿತ್ತು. ಅದು ಸೂರ್ಯನ ಅಪ್ಪಣೆ. ಸೂರ್ಯನ ಮೇಲೆ ನನಗೆ ಗೌರವವಿದೆ ಮಗೂ, ಆದರೆ ಆಗ ಅವನಿಗೆ ತಲೆ ತಿರುಗಿತ್ತು. ಹೂವಿರುವುದೇ ತಾನು ನೋಡುವುದಕ್ಕೆ ಎಂದುಕೊಂಡಿದ್ದ.

ಆ ಕಾಲದಲ್ಲಿ ಸಾತವ್ವ ಎಂಬ ಹೆಂಗಸಿದ್ದಳು. ಊರಿಗೆಲ್ಲ ಗಡಿಗೆ ಮಾಡಿಕೊಡುವವಳು ಅವಳೊಬ್ಬಳೇ. ಬೆಳಕು ಹರಿಯುವ ಮೊದಲೇ ಜೇಡಿಮಣ್ಣಿಗೆಂದು ದೂರದ ಹೊಳೆದಂಡೆಗೆ ಹೋದರೆ, ಮನೆಗೆ ಬರುವುದು ಹೊತ್ತು ಇಳಿದ ಮೇಲೆಯೇ. ಬಂದವಳು ಕೂರುತ್ತಿರಲಿಲ್ಲ. ಎರಡು ಕೊಡ ನೀರು ಹೊತ್ತು ತಂದು ಹಿತ್ತಲಿಗೆ ಹಾಕುತ್ತಿದ್ದಳು. ಕುಂಬಳಕ್ಕೆ, ಸೌತೆಗೆ, ಬೆಂಡೆಗೆ, ದಾಸವಾಳಕ್ಕೆ, ಬೇಲಿಗೆ ಹಬ್ಬಿದ ಹೀರೆಬಳ್ಳಿಗೆ.

ಬೇಸಿಗೆ ಕಾಲಿಡುತ್ತಿದ್ದಂತೆ ಹಿತ್ತಲ ತುಂಬ ಮೊಗ್ಗು. ಆದರೆ ಸಾತವ್ವ ಬರುವಷ್ಟರಲ್ಲಿ ಹೂವೆಲ್ಲ ಮುದುಡಿರುತ್ತಿದ್ದವು. ಒಂದು ಸಂಜೆ ಅವಳು ಕುಂಬಳದ ಹೂವೊಂದನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಲು ನೋಡಿದಳು. ಅದು ಹರಿದು ಕೈಗೆ ಬಂತು.

“ನೀರು ಹಾಕಾಕ ನಾನು, ನೋಡಾಕ ಆ ಸೂರ್ಯ,” ಎಂದು ಬೇಲಿಗೊರಗಿ ಕೂತುಬಿಟ್ಟಳು. ಅವಳ ಕಣ್ಣು ತುಂಬಿತ್ತು.

ಅದನ್ನು ಕೇಳಿ ಹೀರೆಬಳ್ಳಿಗೆ ಸಿಟ್ಟು ಬಂತು. ನಾಚಿಕೆಯೂ ಆಯಿತು. ತಾನು ಕುಡಿದ ನೀರೆಲ್ಲ ಈ ಹೆಂಗಸಿನ ತಲೆಯ ಮೇಲೆ ಬಂದದ್ದು.

ಮರುದಿನ ಬೆಳಗ್ಗೆ ಸೂರ್ಯ ಬಂದ. ಕುಂಬಳ ಅರಳಿತು, ಸೌತೆ ಅರಳಿತು, ಬೆಂಡೆ ಅರಳಿತು, ದಾಸವಾಳ ಅರಳಿತು. ಹೀರೆಬಳ್ಳಿ ಮೊಗ್ಗುಗಳನ್ನು ಬಿಗಿಹಿಡಿದು ಸುಮ್ಮನಿತ್ತು.

“ಯಾಕ, ಇನ್ನೂ ನಿದ್ದಿ ಹರಿದಿಲ್ಲೇನು?” ಎಂದ ಸೂರ್ಯ.

“ಎಚ್ಚರ ಐತಿ. ನಿನಗ ಅರಳಂಗಿಲ್ಲ. ಸಂಜಿಕ ಸಾತವ್ವ ಬಂದಮ್ಯಾಲ ಅರಳ್ತೀನಿ,” ಎಂದಿತು ಬಳ್ಳಿ.

“ಸಂಜಿಕ ಜೇನು ಮಲಗಿರ್ತಾವ. ಜೇನು ಬರದಿದ್ರ ಕಾಯಿ ಇಲ್ಲ, ಕಾಯಿ ಇಲ್ಲದಿದ್ರ ಬೀಜ ಇಲ್ಲ. ಈ ಬ್ಯಾಸಗಿಗೇ ನಿನ್ನ ಕುಲ ಮುಗೀತೈತಿ, ತಿಳಕೋ.”

ಬಳ್ಳಿ ತನ್ನ ಎಳೆ ಮೊಗ್ಗುಗಳನ್ನೊಮ್ಮೆ ನೋಡಿಕೊಂಡಿತು. ಆದರೂ, “ಮುಗೀಲಿ. ನಾ ಅರಳೂದು ಸಂಜಿಕನ,” ಎಂದಿತು.

ಅಂದು ಸಂಜೆ ಸಾತವ್ವ ಕೊಡ ಇಳಿಸುವಾಗ ಹೀರೆಯ ಮೊಗ್ಗು ಅವಳ ಮುಂದೆಯೇ ಬಿಚ್ಚಿಕೊಂಡಿತು, ಅರಿಶಿನದಂಥ ಹಳದಿ. ಸಾತವ್ವ ಬಾಯಿಯ ಮೇಲೆ ಕೈಯಿಟ್ಟು ನಿಂತಳು. ಮೈಕೈ ನೋವು ಮರೆತಳು. ನೀರು ಹಾಕುವುದನ್ನೂ ಮರೆತಳು, ಅದಕ್ಕೆ ಕುಂಬಳ ಗೊಣಗಿಕೊಂಡಿತು.

ಆದರೆ ಸೂರ್ಯ ಹೇಳಿದ್ದು ಸುಳ್ಳಾಗಲಿಲ್ಲ. ಜೇನು ಬರಲಿಲ್ಲ. ಹೂವಿನ ಬುಡದಲ್ಲಿದ್ದ ಎಳೆ ಕಾಯಿಗಳು ಹಳದಿಗಟ್ಟಿ ಉದುರಿದವು. ನಾಲ್ಕು ದಿನ, ಐದು ದಿನ, ಆರು ದಿನ ಹೀಗೇ ಆಯಿತು.

“ನಿನಗ್ಯಾಕ ಬೇಕಿತ್ತು ಈ ಉಸಾಬರಿ? ಎಲ್ಲಾರ ಹಂಗ ಮುಂಜಾನಿ ಅರಳಿ ಸುಮ್ಮನಿರು,” ಎಂದಿತು ಕುಂಬಳ, ಎರಡು ದಪ್ಪ ಕಾಯಿಗಳನ್ನು ಪಕ್ಕದಲ್ಲಿಟ್ಟುಕೊಂಡು.

ಹೀರೆಗೆ ಅಳು ಬಂತು. ಮಿಕ್ಕವೆಲ್ಲ ಗಂಡುಮೊಗ್ಗು, ಕಾಯಿ ಕಟ್ಟುವ ಮೊಗ್ಗು ಇನ್ನು ಒಂದೇ ಉಳಿದಿತ್ತು. ಅದನ್ನೂ ಸಂಜೆಗೇ ಎತ್ತಿಟ್ಟಿತು.

ಆ ಸಂಜೆ ಗಾಳಿ ಬೇಲಿಯ ಹತ್ತಿರ ಬಂದು, “ಇಷ್ಟು ಹಟ ಯಾರು ಕಲಿಸಿದ್ರು ನಿನಗ?” ಎಂದು ಕೇಳಿತು.

“ಯಾರೂ ಕಲಿಸಿಲ್ಲ. ಕೈಲಾದ್ರ ಸಹಾಯ ಮಾಡು, ಇಲ್ಲಾಂದ್ರ ದಾರಿ ಬಿಡು,” ಎಂದಿತು ಬಳ್ಳಿ.

ಗಾಳಿಗೆ ನಗು ಬಂತು. ಹೂವಿನ ವಾಸನೆ ಹೊತ್ತುಕೊಂಡು ಊರೆಲ್ಲ ಸುತ್ತಿತು. ಗೋಡೆಯ ಬಿರುಕಿನಲ್ಲಿ ಬೂದುಬಣ್ಣದ ಪತಂಗವೊಂದು ಆಗತಾನೆ ಎದ್ದಿತ್ತು. ಅದು ಏಳುವ ಹೊತ್ತಿಗೆ ಲೋಕದ ಹೂವೆಲ್ಲ ಮುಚ್ಚಿರುತ್ತಿದ್ದರಿಂದ ಪಾಪ, ಹುಟ್ಟಿದಾಗಿನಿಂದ ಅರೆಹೊಟ್ಟೆ. ವಾಸನೆಯ ಜಾಡು ಹಿಡಿದು ಬಂದು, ಬಳ್ಳಿಯ ಹೂವಿಂದ ಹೂವಿಗೆ ಹಾರಿ ಹೊಟ್ಟೆ ತುಂಬ ಮಕರಂದ ಕುಡಿಯಿತು.

“ನನಗಂತ ಇಲ್ಲೀತನಕ ಯಾರೂ ಬಾಗಿಲಾ ತೆರದಿದ್ದಿಲ್ಲ,” ಎಂದಿತು.

ಕೆಲವು ದಿನ ಕಳೆದು ಸೂರ್ಯ ನೋಡುತ್ತಾನೆ, ಬಳ್ಳಿಯಲ್ಲಿ ಗೇಣುದ್ದದ ನುಣ್ಣನೆಯ ಕಾಯಿ ತೂಗುತ್ತಿದೆ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಎರಡೂ ಕೈ ಚಾಚಿ, ಹತ್ತೂ ಬೆರಳಿನಿಂದ ಕಾಯಿಯನ್ನು ಸುತ್ತಲೂ ಹಿಡಿದ.

“ನಾಳಿಂದ ಮುಂಜಾನಿ ಅರಳ್ತೀನಿ ಅನ್ನು, ಬಿಡ್ತೀನಿ.”

“ಅನ್ನಂಗಿಲ್ಲ.”

ಸೂರ್ಯ ಅಮುಕಿದ. ಬೆರಳಿದ್ದಲ್ಲಿ ಸಿಪ್ಪೆ ಒಳಗೆ ಹೋಯಿತು, ಬೆರಳ ಸಂದಿಯಲ್ಲಿ ಮೇಲೆದ್ದಿತು. ಇನ್ನೂ ಅಮುಕಿದ, ಇನ್ನೂ ಮೇಲೆದ್ದಿತು. ಕಾಯಿ ಒಡೆಯಲಿಲ್ಲ, ಬಳ್ಳಿ ಹೂಂ ಅನ್ನಲೂ ಇಲ್ಲ. ಸೂರ್ಯ ಎಲ್ಲೂ ನಿಲ್ಲುವಂತಿಲ್ಲವಲ್ಲ, ಪಡುವಣಕ್ಕೆ ಹೊತ್ತಾಗುತ್ತಿತ್ತು. ಬೆರಳು ಸಡಿಲಿಸಿ ಹೊರಟ.

ಸಾತವ್ವ ಆ ಕಾಯಿಯನ್ನು ಕೊಯ್ಯಲಿಲ್ಲ. ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ತೆಗೆದು ಊರಿಗೆಲ್ಲ ಹಂಚಿದಳು.

ಅದಕ್ಕೇ ಮಗೂ, ಇವತ್ತಿಗೂ ಹೀರೇಕಾಯಿಯ ಮೈಮೇಲೆ ಹತ್ತು ಏಣು ಎದ್ದು ನಿಂತಿವೆ, ಬೇಕಾದರೆ ಎಣಿಸಿ ನೋಡು. ಅದರ ಹೂವಂತೂ ಸೂರ್ಯ ಪೂರ್ತಿ ಮುಳುಗುವವರೆಗೂ ಕಾಯುವುದಿಲ್ಲ, ಅವನ ಕಣ್ಣೆದುರೇ, ದುಡಿದು ಬಂದವರಿಗಾಗಿ ಅರಳುತ್ತದೆ.