ಉಣ್ಣೆ ಹೂವಿನ ದಾರಿ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಗೂ ಹಾಲುಹಲ್ಲು ಮೂಡಿರಲಿಲ್ಲ ಆಗ, ಒಂದು ಕಲ್ಲುಗುಡ್ಡ ಇತ್ತಂತೆ. ಜಾಲಿಮುಳ್ಳು, ಕಾರೆಮುಳ್ಳು ಬಿಟ್ರೆ ಅಲ್ಲೇನೂ ಇಲ್ಲ. ಅದರ ಬುಡದಲ್ಲಿ ಮಾಳವ್ವ ಅನ್ನೋ ಹುಡುಗಿ, ಅವಳಣ್ಣ ಲಕ್ಕಣ್ಣ, ಇಬ್ಬರೇ. ಉಣ್ಣೆ ನೂಲೋಳು ಇವಳು, ಕಂಬಳಿ ನೇಯೋನು ಅವನು.

ಒಂದು ಬೇಸಿಗೇಲಿ ಮೇವು ತೀರಿಹೋಯ್ತಂತೆ. ಲಕ್ಕಣ್ಣ ಕುರಿ ಹೊಡ್ಕೊಂಡು ದೂರದ ಕಪ್ಪುಮಣ್ಣಿನ ಎರೆಸೀಮೆಗೆ ಹೊರಟ. ಈ ಮರಿ ಹುಟ್ಟಿ ಮೂರೇ ದಿನ, ಅಷ್ಟು ದೂರ ನಡೀಲಾರದು, ಮೇಕೆ ಹಾಲು ಕುಡಿಸಿ ಸಾಕ್ಕೊಂಡಿರು, ಮಳೆ ಬೀಳ್ತಲೂ ಬಂದ್ಬಿಡ್ತೀನಿ, ಮನೇಲಿರೋ ಉಣ್ಣೆಯಿಂದ ನೂಲು ತೆಗೆದಿಟ್ಟಿರು ಅಂದ. ತಾಯಿಕುರಿ ಹತ್ತು ಸಲ ತಿರುಗಿ ನೋಡ್ತಂತೆ. ಇವನು ಒಂದೇ ಸಲ.

ಮಳೆ ಬಂತು, ಅಣ್ಣ ಬರಲಿಲ್ಲ. ಅಲ್ಲಿ ಮೊಣಕಾಲುದ್ದ ಹುಲ್ಲು, ಕರೆದು ರೊಟ್ಟಿ ಕೊಡೋ ಜನ. ಹೊಟ್ಟೆ ತುಂಬಿದ ಗಂಡಸಿಗೆ ಮನೆ ಎಲ್ಲಿ ನೆನಪಾಗ್ಬೇಕು! ಮಾಳವ್ವ ನೂತಳು, ನೂತಳು, ನೂಲು ಸೂರು ಮುಟ್ತು. ಅಣ್ಣನ ನೆನಪಾದಾಗೆಲ್ಲ ಮುದ್ದೆ ಬಿಟ್ಟೆದ್ದು ಬಾಗಿಲಿಗೆ ಬಂದು ದಾರಿ ನೋಡೋಳಂತೆ.

ಆಮೇಲೆ ಅವಳು ಆ ಮರಿಯ ಮೊದಲ ಉಣ್ಣೆ ಕತ್ತರಿಸಿದಳು. ಇದರ ವಾಸನೆ ತಾಯಿಗೆ ಮುಟ್ಟಿದ್ರೆ ಸಾಕು, ಅದೇ ಅಣ್ಣನ್ನ ಎಳ್ಕೊಂಡು ಬರುತ್ತೆ ಅಂತ ಒಂದು ಹಿಡಿ ಮುಳ್ಳಿಗೆ ಸಿಕ್ಕಿಸಿದಳಂತೆ. ಗುಬ್ಬಿ ಬಂದು ಗೂಡಿಗೆ ಒಯ್ತು. ಆಮೇಲೆ ಇನ್ನೊಂದು ಹಿಡಿ ಗಾಳಿಗೆ ಬಿಟ್ಟಳು. ಗಾಳಿ ಅದನ್ನ ತಂದು ಅವಳ ತಲೆ ಮೇಲೇ ಹಾಕ್ತು. ಮೂರನೇ ಹಿಡಿ ಉಳಿದಾಗ ಅವಳಿಗೆ ಸಿಟ್ಟು ಬಂತು ನೋಡು, ಹೋಗತ್ಲಾಗೆ ಅಂತ ಗುಡ್ಡದ ಮೇಲೆ ಹೂತುಹಾಕಿ, ಅಲ್ಲೇ ಕೂತು ಅತ್ತಳಂತೆ.

ಅತ್ತ ಜಾಗದಲ್ಲಿ ಒಂದು ಗಿಡ ಹುಟ್ತು. ಮೈತುಂಬ ಬಿಳಿ ಉಣ್ಣೆ, ಹೂವಿಗೂ ಉಣ್ಣೆ. ನೀರು ಬೇಡ, ಗೊಬ್ಬರ ಬೇಡ, ಕಲ್ಲಿನ ಸಂದೀಲಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿ ಎರೆಸೀಮೆ ಅಂಚು ಮುಟ್ತಂತೆ.

ಒಂದಿನ ತಾಯಿಕುರಿ ಆ ಹೂ ಮೂಸ್ತು. ಮೂಸಿದ್ದೇ ತಡ, ಹುಲ್ಲು ಬಿಟ್ಟು ಹೂವಿನ ಹಿಂದೆ ಹೂವು ಹಿಡಿದು ಓಡ್ತು. ಅದರ ಹಿಂದೆ ಮಂದೆ, ಮಂದೆ ಹಿಂದೆ ಕೋಲು ಹಿಡಿದು ಬೈತಾ ಲಕ್ಕಣ್ಣ. ಮೂರು ದಿನ ಓಡಿ ಬಂದು ನಿಂತದ್ದು ಮಾಳವ್ವನ ಬಾಗಿಲಲ್ಲಿ! ಮರಿ ಟಗರಾಗಿತ್ತು, ಆದ್ರೂ ತಾಯಿ ಗುರುತು ಹಿಡೀತಂತೆ. ಸೂರು ಮುಟ್ಟಿದ ನೂಲು ನೋಡಿದ ಲಕ್ಕಣ್ಣ. ಕೋಲು ಮೂಲೆಗಿಟ್ಟು ಮಗ್ಗಕ್ಕೆ ಕೂತ. ಅಣ್ಣ ತಂಗಿ ಸುಖವಾಗಿದ್ರು, ಕತೆ ಮುಗೀತು, ಕಣ್ಣು ಮುಚ್ಚು.

ಏನು? ನಿಮ್ಮಪ್ಪ ಕುರಿ ಹೊಡ್ಕೊಂಡು ಹೋದ ದಾರೀಲೂ ಆ ಹೂವು ಇದ್ಯಾ ಅಂತೀಯಾ?

ಇದೆ ಕಣೋ. ನಾನು ನೋಡ್ಕೊಂಡು ಬಂದಿದೀನಿ.