ಅಟ್ಟದ ಎರಡನೆಯ ಕಿಂಡಿ

ಹೊಳೆದಂಡೆಯ ಹಳೆಯ ಮಠ. ಮಳೆ ನಿಂತು ಎರಡು ತಿಂಗಳಾಗಿತ್ತು. ಆದರೂ ಮಾಗಿ ಚಳಿಯ ಬೆಳಗುಗಳಲ್ಲಿ ಅಡುಗೆಮನೆಯ ಅಟ್ಟ ಸೋರುತ್ತಿತ್ತು.

ಅಡುಗೆ ನೋಡಿಕೊಳ್ಳುವ ಶಿಷ್ಯ ಅಡಿವೆಪ್ಪ ಮೂರು ಸಲ ತಗಡಿನ ಚಾವಣಿ ಹತ್ತಿ ಇಳಿದ. ಕಂಡ ಕಂಡ ಸಂದಿಗೆಲ್ಲ ಡಾಂಬರು ಮೆತ್ತಿದ. ಸೋರುವುದು ನಿಲ್ಲಲಿಲ್ಲ.

ಅಟ್ಟದ ಮೇಲೆ ಒಂದು ಬಿದಿರ ಬುಟ್ಟಿಯಲ್ಲಿ ಅವನ ಮಗಳ ಕೌದಿ ಇತ್ತು. ಎಂಟು ವರ್ಷದ ಹೊನ್ನವ್ವ ಅದನ್ನೇ ಹೊದ್ದುಕೊಂಡು ಜ್ವರದಲ್ಲಿ ತೀರಿಹೋಗಿದ್ದಳು. ಅವಳನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಮಣ್ಣು ಮಾಡಿ ಬಂದವನು ನೇರ ಮಠಕ್ಕೆ ಬಂದು ಉಳಿದಿದ್ದ.

ಒಂದು ಬೆಳಿಗ್ಗೆ ಕೌದಿ ಹಿಡಿದುಕೊಂಡು ಗುರುಗಳ ಮುಂದೆ ನಿಂತ. ಅದರ ಒಂದು ಮೂಲೆ ಕಪ್ಪಾಗಿತ್ತು.

“ಅಜ್ಜಾರ, ನೀರು ಎಲ್ಲಿಂದ ಬರತೈತೋ ತಿಳೀವಲ್ದು. ಕೌದಿ ಬೂಷ್ಟು ಹಿಡೀತು.”

ಗುರುಗಳು ಎದ್ದು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ತಣ್ಣಗಿದ್ದ ಹಿತ್ತಾಳೆ ತಾಟೊಂದನ್ನು ಅದರ ಮೇಲೆ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಅವನ ಅಂಗೈ ಮೇಲೆ ವಾಲಿಸಿದರು. ನೀರು ತೊಟ್ಟಿಕ್ಕಿತು.

“ಈ ತಾಟು ತೂತಾಗೇತೇನು?”

“ಇಲ್ರಿ.”

“ಅಟ್ಟಕ್ಕ ಎರಡು ಕಿಂಡಿ ಇದ್ದುವಲ್ಲ, ಆ ಕಡಿಗೊಂದು ಈ ಕಡಿಗೊಂದು?”

ಅಡಿವೆಪ್ಪ ತಲೆ ತಗ್ಗಿಸಿದ. “ಎರಡೂ ಮುಚ್ಚೇನ್ರಿ. ಮಣ್ಣು ಮೆತ್ತಿ.”

“ಯಾಕ?”

“ಕೌದ್ಯಾಗ ಇನ್ನೂ ಆಕಿ ವಾಸನಿ ಐತ್ರಿ. ಗಾಳಿ ಹೊಕ್ಕರ ಹೋಗಿಬಿಡತೈತಿ ಅಂತ.”

ಬೈಯುತ್ತಾರೆ ಅಂದುಕೊಂಡಿದ್ದ. ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ.

“ಒಲಿ ಮ್ಯಾಲಿನ ಹಬಿ ಅಟ್ಟಕ್ಕ ಏರತೈತಿ. ಹೊರಗ ಹೋಗಾಕ ದಾರಿ ಇಲ್ಲ. ತಣ್ಣನ ತಗಡಿಗೆ ತಾಗಿ ನೀರಾಗಿ ಬೀಳತೈತಿ” ಅಂದರು. “ಹೊರಗಿನ ನೀರಲ್ಲ ತಮ್ಮಾ, ಅದು.”

ಮರುದಿನ ಅಡಿವೆಪ್ಪ ಮೂಡಣ ದಿಕ್ಕಿನ ಕಿಂಡಿ ಕೆತ್ತಿ ತೆಗೆದ. ಕೌದಿಯನ್ನು ತನ್ನ ಪಂಚೆಯಲ್ಲಿ ಸುತ್ತಿ ಮತ್ತೆ ಅಲ್ಲಿಯೇ ಇಟ್ಟ. ನಾಲ್ಕು ದಿನ ಕಾದ. ಪಂಚೆಯೂ ಒದ್ದೆಯಾಯಿತು.

“ಅಜ್ಜಾರ, ಗಾಳಿ ಬಿಟ್ಟೇನಿ. ಆದ್ರೂ ಸೋರತೈತಿ.”

“ಎಷ್ಟು ಕಿಂಡಿ ತಗದಿ?”

“ಒಂದ್ರಿ.”

“ಬರಾಕ ದಾರಿ ಮಾಡಿದಿ. ಹೋಗಾಕ ಮಾಡಲಿಲ್ಲ.”

ಗುರುಗಳಿಗೆ ಎಂಬತ್ತು ದಾಟಿತ್ತು. ಅವರೇ ಹಿತ್ತಲಿಂದ ಏಣಿ ಎಳೆದು ತಂದು ಪಡುವಣ ಗೋಡೆಗೆ ಆನಿಸಿದರು.

ಅಡಿವೆಪ್ಪ ಹತ್ತಿದ. ಕೈಯಲ್ಲಿ ಉಳಿ ಇತ್ತು. ಒಣಗಿದ ಮಣ್ಣಿನ ಮೇಲೆ ಅವನದೇ ಬೆರಳ ಗುರುತುಗಳಿದ್ದವು, ಮಗಳು ತೀರಿಹೋದ ವಾರದಲ್ಲಿ ಮೂಡಿದವು. ಉಳಿ ಇಟ್ಟ, ಹೊಡೆಯಲಾಗಲಿಲ್ಲ. ಗೋಡೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಮಠಕ್ಕೆ ಬಂದ ಮೇಲೆ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

“ಅಜ್ಜಾರ,” ಅಂದ, “ಇದನ್ನ ತಗದ್ರ ಆಕಿ ವಾಸನಿ ಹೋಗತೈತ್ರಿ.”

ಕೆಳಗಿನಿಂದ ಗುರುಗಳು ಅಂದರು:

“ಹೋಗತೈತಿ ತಮ್ಮಾ. ನಾ ಏಣಿ ಹಿಡಕೊಂಡು ನಿಂತೇನಿ, ತಗಿ.”